ವಾರ್ಡಿನ ಔಷಧ ಕೊಠಡಿಯನ್ನು ರೂಪಿಸುವ ಬಗೆ: ಪಟ್ಟಿಯಿಂದ ಕಪಾಟಿನವರೆಗೆ

ಬೆಂಗಳೂರಿನಲ್ಲಿ ಕಟ್ಟಲಾಗುತ್ತಿರುವ ಆಸ್ಪತ್ರೆಗಳ ನಕ್ಷೆಗಳಲ್ಲಿ ಸಾಮಾನ್ಯವಾಗಿ ಒಂದೇ ಕ್ರಮ ಕಾಣುತ್ತದೆ. ಹಾಸಿಗೆಗಳ ಸಂಖ್ಯೆ ಮೊದಲು ನಿಗದಿಯಾಗುತ್ತದೆ. ಆಮೇಲೆ ಶೌಚಾಲಯ, ಲಿಫ್ಟು, ನರ್ಸಿಂಗ್ ಸ್ಟೇಷನ್, ವೈದ್ಯರ ಕೊಠಡಿಗಳು ತಮ್ಮ ತಮ್ಮ ಜಾಗ ಹಿಡಿಯುತ್ತವೆ. ಇವೆಲ್ಲ ಮುಗಿದ ಮೇಲೆ ಉಳಿದ ಮೂಲೆಯೊಂದಕ್ಕೆ ‘ಔಷಧ ಕೊಠಡಿ’ ಎಂದು ಹೆಸರು ಬರೆಯಲಾಗುತ್ತದೆ. ಆ ಮೂಲೆಗೆ ಕಿಟಕಿ ಪಶ್ಚಿಮಕ್ಕಿದೆಯೇ, ಮೇಲಿನ ಮಹಡಿಯ ಕೊಳವೆ ಅದರ ಮೇಲೆಯೇ ಹಾದುಹೋಗುತ್ತದೆಯೇ, ಇಬ್ಬರು ಸಿಸ್ಟರುಗಳು ಒಟ್ಟಿಗೆ ನಿಲ್ಲಲು ಸಾಧ್ಯವೇ ಎಂಬ ಪ್ರಶ್ನೆಗಳನ್ನು ಯಾರೂ ಕೇಳಿರುವುದಿಲ್ಲ. ಬಡಗಿಯನ್ನು ಕರೆಸಿ ನೆಲದಿಂದ ಸೂರಿನವರೆಗೆ ಕಪಾಟು ಹೊಡೆಸಿದರೆ ಕೆಲಸ ಮುಗಿಯಿತು ಎಂದು ಆಡಳಿತ ಭಾವಿಸುತ್ತದೆ.

ಈ ಮಾರ್ಗದರ್ಶಿ ಆ ಕ್ರಮವನ್ನು ತಿರುಗಿಸಿ ಹೇಳುತ್ತದೆ. ಎಷ್ಟು ಔಷಧ ಹಿಡಿಸುತ್ತದೆ ಎಂಬುದು ವಾರ್ಡಿನ ಔಷಧ ಕೊಠಡಿಯ ಅಳತೆಗೋಲಲ್ಲ. ರಾತ್ರಿ ಮೂರು ಗಂಟೆಗೆ ದಣಿದ ಕೈ ಸರಿಯಾದ ಆಂಪೂಲನ್ನೇ (ಇಂಜೆಕ್ಷನ್ ಔಷಧದ ಮೊಹರಾದ ಪುಟ್ಟ ಸೀಸೆ) ಎತ್ತಿಕೊಳ್ಳುತ್ತದೆಯೇ ಎಂಬುದೇ ಅಳತೆಗೋಲು. ಇಪ್ಪತ್ತರಿಂದ ನಲವತ್ತು ಹಾಸಿಗೆಗಳ ಸಾಮಾನ್ಯ ವಾರ್ಡನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ಬರೆಯಲಾಗಿದೆ. ಸಣ್ಣ ನರ್ಸಿಂಗ್ ಹೋಮುಗಳೂ ಅಳತೆ ಕುಗ್ಗಿಸಿ ಅನುಸರಿಸಬಹುದು.

ಮೊದಲು ಪಟ್ಟಿ, ಆಮೇಲೆ ಅಳತೆ

ಟೇಪು ಹಿಡಿದು ಗೋಡೆ ಅಳೆಯುವ ಮೊದಲು ಔಷಧಗಳ ಪಟ್ಟಿ ಸಿದ್ಧವಾಗಬೇಕು. ಕಳೆದ ಮೂರು ತಿಂಗಳ ಇಂಡೆಂಟ್ ಪುಸ್ತಕವನ್ನೋ (ವಾರ್ಡಿಗೆ ಬೇಕಾದ ಔಷಧಕ್ಕೆ ಬೇಡಿಕೆ ಬರೆಯುವ ಪುಸ್ತಕ) ಕಂಪ್ಯೂಟರಿನ ದಾಖಲೆಯನ್ನೋ ತೆಗೆದು, ವಾರ್ಡಿಗೆ ಬಂದ ಪ್ರತಿಯೊಂದು ಔಷಧದ ಮೂಲ ಹೆಸರು (ಕಂಪನಿ ಇಟ್ಟ ಬ್ರ್ಯಾಂಡ್ ಹೆಸರಲ್ಲ), ಶಕ್ತಿ, ರೂಪ, ದಿನದ ಸರಾಸರಿ ಬಳಕೆ, ಒಂದೇ ದಿನದಲ್ಲಿ ಆದ ಅತಿ ಹೆಚ್ಚು ಬಳಕೆ ಮತ್ತು ಇಡಬೇಕಾದ ಉಷ್ಣತೆಯನ್ನು ಬರೆದುಕೊಳ್ಳಬೇಕು. ಈ ಕೆಲಸಕ್ಕೆ ಫಾರ್ಮಸಿಸ್ಟ್ ಮತ್ತು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಇಬ್ಬರೂ ಒಟ್ಟಿಗೆ ಕೂರಬೇಕು. ದಾಖಲೆಯಲ್ಲಿ ಕಾಣದ ಸಂಗತಿಗಳು, ಉದಾಹರಣೆಗೆ ಪಕ್ಕದ ವಾರ್ಡಿನಿಂದ ಆಗಾಗ ಸಾಲ ತರುವ ಇಂಜೆಕ್ಷನ್ನುಗಳು, ಸಿಸ್ಟರಿಗೆ ಮಾತ್ರ ಗೊತ್ತಿರುತ್ತವೆ.

ಪಟ್ಟಿ ಕೈಗೆ ಬಂದ ಮೇಲೆ ಪ್ರತಿ ಔಷಧವನ್ನೂ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಸೇರಿಸಬೇಕು: ಕ್ಷಣಾರ್ಧದಲ್ಲಿ ಬೇಕಾಗುವ ತುರ್ತು ಔಷಧ, ದಿನನಿತ್ಯ ಬಳಸುವ ವಾರ್ಡ್ ಸ್ಟಾಕ್, ಒಬ್ಬ ರೋಗಿಯ ಹೆಸರಿನಲ್ಲಿ ಬರುವ ಔಷಧ, ಮತ್ತು ಈ ವಾರ್ಡಿನಲ್ಲಿ ಇರಲೇಬಾರದ ಔಷಧ. ನಾಲ್ಕನೆಯ ಗುಂಪನ್ನು ತುಂಬುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಎಲ್ಲಕ್ಕಿಂತ ಲಾಭದ ಕೆಲಸವೂ ಹೌದು.

ಎಷ್ಟು ದಿನದ ದಾಸ್ತಾನು ಇಡಬೇಕು ಎಂಬ ಪ್ರಶ್ನೆಗೆ ಉತ್ತರ ವಾರ್ಡಿನೊಳಗೆ ಇಲ್ಲ, ಫಾರ್ಮಸಿಯಲ್ಲಿದೆ. ಆಸ್ಪತ್ರೆಯ ಮುಖ್ಯ ಫಾರ್ಮಸಿ ಇಪ್ಪತ್ತನಾಲ್ಕು ಗಂಟೆಯೂ ತೆರೆದಿದ್ದರೆ ವಾರ್ಡಿನಲ್ಲಿ ಒಂದು ದಿನದ ಬಳಕೆ ಮತ್ತು ಅದರ ಅರ್ಧದಷ್ಟು ಹೆಚ್ಚುವರಿ ಇದ್ದರೆ ಸಾಕು. ಕೇಂದ್ರ ಉಗ್ರಾಣದಿಂದ ವಾರಕ್ಕೊಮ್ಮೆ ಇಂಡೆಂಟ್ ಪಡೆಯುವ ಸರ್ಕಾರಿ ಆಸ್ಪತ್ರೆಗಳಲ್ಲಿ ಹತ್ತು ದಿನಗಳ ದಾಸ್ತಾನು ಬೇಕಾಗಬಹುದು. ಆಗ ಅದನ್ನೆಲ್ಲ ಕೈಗೆ ಸಿಗುವ ಕಪಾಟಿನಲ್ಲಿ ತುಂಬದೆ, ಎರಡು ದಿನದ್ದನ್ನು ಮುಂದೆ ಇಟ್ಟು ಉಳಿದುದನ್ನು ಬೀಗ ಹಾಕಿದ ಪ್ರತ್ಯೇಕ ಬೀರುವಿಗೆ ಸೇರಿಸಬೇಕು. ಅನೇಕ ಕಡೆ ದೊಡ್ಡ ಔಷಧ ಕೊಠಡಿ ಕೇಳುವುದಕ್ಕಿಂತ ರಾತ್ರಿ ಪಾಳಿಗೆ ಒಬ್ಬ ಫಾರ್ಮಸಿಸ್ಟನ್ನು ಕೇಳುವುದು ಅಗ್ಗ.

ಇದೇ ಹಂತದಲ್ಲಿ ಡ್ರಿಪ್ ಬಾಟಲಿಗಳ ಲೆಕ್ಕವನ್ನು ಬೇರೆ ತೆಗೆಯಬೇಕು. ಮಾತ್ರೆಗಳಿಗಿಂತ ಹೆಚ್ಚು ಜಾಗ ತಿನ್ನುವುದು ಇವೇ. 500 ಮಿ.ಲೀ.ನ ನೂರು ಬಾಟಲಿಗಳು ಐವತ್ತು ಕಿಲೋಗಿಂತ ಹೆಚ್ಚು ತೂಗುತ್ತವೆ. ಗೋಡೆಗೆ ನೇತುಹಾಕಿದ ಕಪಾಟು ಆ ಭಾರಕ್ಕಲ್ಲ. ಇವನ್ನು ನೆಲದಿಂದ ಕನಿಷ್ಠ 150 ಮಿ.ಮೀ. ಎತ್ತರದ ಗಟ್ಟಿ ರ‍್ಯಾಕಿನಲ್ಲಿ, ಸೊಂಟಕ್ಕಿಂತ ಕೆಳಗಿನ ತಟ್ಟೆಗಳಲ್ಲಿ ಇಡಬೇಕು.

ವಾರ್ಡಿನಿಂದ ಹೊರಗೆ ಕಳುಹಿಸಬೇಕಾದವು

ಈ ವಿಚಾರದಲ್ಲಿ ಮೊದಲ ಹೆಸರು ಸಾಂದ್ರ ಪೊಟ್ಯಾಸಿಯಮ್ ಕ್ಲೋರೈಡ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಮಿ.ಲೀ. ಆಂಪೂಲಿನಲ್ಲಿ ಶೇ. 15ರ ದ್ರಾವಣವಿದ್ದು, ಅದರಲ್ಲಿ 1.5 ಗ್ರಾಂ, ಅಂದರೆ ಸುಮಾರು 20 ಮಿಲಿಈಕ್ವಿವಲೆಂಟ್ ಪೊಟ್ಯಾಸಿಯಮ್ ಇರುತ್ತದೆ. ದೊಡ್ಡ ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿ ಕೊಟ್ಟರೆ ಅದು ಔಷಧ. ನೇರವಾಗಿ ರಕ್ತನಾಳಕ್ಕೆ ಒತ್ತಿದರೆ ಹೃದಯ ನಿಲ್ಲುತ್ತದೆ. ಅದೇ ಗಾತ್ರದ, ಅದೇ ಬಗೆಯ ಪಾರದರ್ಶಕ ಪ್ಲಾಸ್ಟಿಕ್ ಆಂಪೂಲಿನಲ್ಲಿ ಇಂಜೆಕ್ಷನ್ ಪುಡಿಯನ್ನು ಕರಗಿಸುವ ಶುದ್ಧ ನೀರೂ ಬರುತ್ತದೆ. ಇವೆರಡೂ ಒಂದೇ ತಟ್ಟೆಯಲ್ಲಿರುವ ಕೊಠಡಿಯಲ್ಲಿ ಎಷ್ಟೇ ಕೆಂಪು ಚೀಟಿ ಅಂಟಿಸಿದರೂ ಅಪಾಯ ಉಳಿದೇ ಇರುತ್ತದೆ. ಪೊಟ್ಯಾಸಿಯಮ್ ಕ್ಲೋರೈಡಿನಂಥ ಸಾಂದ್ರ ವಿದ್ಯುದ್ವಿಚ್ಛೇದ್ಯ (ಎಲೆಕ್ಟ್ರೊಲೈಟ್) ದ್ರಾವಣಗಳ ನಿಯಂತ್ರಣವನ್ನು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿಯೇ ರೋಗಿ ಸುರಕ್ಷತೆಯ ಒಂಬತ್ತು ಪರಿಹಾರಗಳಲ್ಲಿ ಒಂದೆಂದು ಪ್ರಕಟಿಸಿತು. ಸಾಮಾನ್ಯ ವಾರ್ಡಿನಲ್ಲಿ ಈ ಆಂಪೂಲುಗಳಿಗೆ ಜಾಗವನ್ನೇ ಮಾಡಬಾರದು.

‘ರಾತ್ರಿ ಪೊಟ್ಯಾಸಿಯಮ್ ಇಳಿದ ರೋಗಿ ಬಂದರೆ ಏನು ಮಾಡುವುದು’ ಎಂಬ ಆಕ್ಷೇಪ ಪ್ರತಿ ಸಭೆಯಲ್ಲಿಯೂ ಬರುತ್ತದೆ, ಮತ್ತು ಅದು ನ್ಯಾಯವಾದ ಆಕ್ಷೇಪ. ಅದಕ್ಕೆ ಮೂರು ದಾರಿಗಳಿವೆ. ಮೊದಲೇ ಬೆರೆಸಿದ ದ್ರಾವಣವನ್ನು ಫಾರ್ಮಸಿಯೇ ಪೂರೈಸಬಹುದು. ಐಸಿಯು ಮತ್ತು ಡಯಾಲಿಸಿಸ್ ಘಟಕಗಳಲ್ಲಿ ಮಾತ್ರ ಬೀಗ ಹಾಕಿದ ಪ್ರತ್ಯೇಕ ಡಬ್ಬಿಯಲ್ಲಿ ಇಟ್ಟು, ಇಬ್ಬರು ಸಹಿ ಮಾಡಿ ತೆಗೆಯುವ ಏರ್ಪಾಡು ಮಾಡಬಹುದು. ಅಥವಾ ರಾತ್ರಿ ಪಾಳಿಯ ನರ್ಸಿಂಗ್ ಮೇಲ್ವಿಚಾರಕರ ಸುಪರ್ದಿಯಲ್ಲಿ ಲೆಕ್ಕವಿಟ್ಟ ಕೆಲವೇ ಆಂಪೂಲುಗಳನ್ನು ಇಡಬಹುದು. ಆಸ್ಪತ್ರೆಯ ಗಾತ್ರ ನೋಡಿ ಆರಿಸಿಕೊಳ್ಳಬೇಕು. ಆದರೆ ದಾರಿಯನ್ನು ಬರೆದು ಒಪ್ಪಿಗೆ ಪಡೆಯದೆ ಆಂಪೂಲುಗಳನ್ನು ಮಾತ್ರ ವಾಪಸು ಕಳುಹಿಸಿದರೆ, ಅವು ಒಂದೆರಡು ವಾರದಲ್ಲಿ ಯಾವುದೋ ಡ್ರಾಯರಿನೊಳಗೆ ಗುಟ್ಟಾಗಿ ಸೇರಿಕೊಳ್ಳುತ್ತವೆ. ಬಹಿರಂಗವಾಗಿ ಇರುವುದಕ್ಕಿಂತ ಗುಟ್ಟಾಗಿ ಇರುವುದು ಹೆಚ್ಚು ಕೆಟ್ಟದ್ದು.

ಉಸಿರಾಟದ ಸ್ನಾಯುಗಳನ್ನು ನಿಶ್ಚಲಗೊಳಿಸುವ ಸಕ್ಸಮೆಥೋನಿಯಮ್, ಅಟ್ರಾಕ್ಯೂರಿಯಮ್, ವೆಕ್ಯೂರೋನಿಯಮ್ ಮುಂತಾದವು ಹೊರಗೆ ಕಳುಹಿಸಬೇಕಾದವುಗಳಲ್ಲಿ ಎರಡನೆಯ ಬಗೆ. ಕೃತಕ ಉಸಿರಾಟದ ವ್ಯವಸ್ಥೆಯಿಲ್ಲದ ವಾರ್ಡಿನಲ್ಲಿ ಇವುಗಳಿಗೆ ಕೆಲಸವಿಲ್ಲ. ಐಸಿಯುನಲ್ಲಿ ಇಡುವಾಗಲೂ ಮುಚ್ಚಳವಿರುವ ಪ್ರತ್ಯೇಕ ಡಬ್ಬಿಯಲ್ಲಿ, ‘ಉಸಿರಾಟ ನಿಲ್ಲಿಸುವ ಔಷಧ’ ಎಂಬ ಎಚ್ಚರಿಕೆಯೊಂದಿಗೆ ಇಡಬೇಕು. ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣವನ್ನೇ ತೆಗೆಯುವ ವಿನ್‌ಕ್ರಿಸ್ಟಿನ್ ಮತ್ತು ಇತರ ಕ್ಯಾನ್ಸರ್ ಔಷಧಗಳು ಫಾರ್ಮಸಿಯಿಂದ ರೋಗಿಯ ಹೆಸರಿನಲ್ಲಿ, ಕೊಡುವ ಹೊತ್ತಿಗೆ ಮಾತ್ರ ವಾರ್ಡಿಗೆ ಬರಬೇಕು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಶೇ. 50ರ ಮೆಗ್ನೀಸಿಯಮ್ ಸಲ್ಫೇಟ್ ಸಾಮಾನ್ಯ ವಾರ್ಡಿನಲ್ಲಿ ಇರಬಾರದು, ಆದರೆ ಹೆರಿಗೆ ವಾರ್ಡಿನಲ್ಲಿ ಇರಲೇಬೇಕು, ಏಕೆಂದರೆ ಗರ್ಭಿಣಿಗೆ ಅಧಿಕ ರಕ್ತದೊತ್ತಡದಿಂದ ಫಿಟ್ಸ್ ಬಂದಾಗ ಫಾರ್ಮಸಿಗೆ ಆಳು ಕಳುಹಿಸುವ ಸಮಯವಿರುವುದಿಲ್ಲ. ಅಲ್ಲಿ ಅದನ್ನು ಸಡಿಲ ಆಂಪೂಲುಗಳಾಗಿ ಇಡದೆ, ಮೊದಲ ಡೋಸಿಗೆ ಬೇಕಾದ ಆಂಪೂಲುಗಳು, ಸಿರಿಂಜುಗಳು, ಡೋಸಿನ ಲೆಕ್ಕ ಬರೆದ ಹಾಳೆ ಮತ್ತು ವಿಷಮಾರಕವಾದ ಕ್ಯಾಲ್ಸಿಯಮ್ ಗ್ಲುಕೊನೇಟನ್ನು ಸೇರಿಸಿ ಒಂದೇ ಪೆಟ್ಟಿಗೆಯಾಗಿ ಮೊಹರು ಮಾಡಿಡಬೇಕು. ಆದ್ದರಿಂದ ಎಲ್ಲ ವಾರ್ಡುಗಳಿಗೂ ಒಂದೇ ಪಟ್ಟಿ, ಒಂದೇ ವಿನ್ಯಾಸ ಎಂಬ ಅನುಕೂಲವನ್ನು ಆಸ್ಪತ್ರೆ ಬಿಟ್ಟುಕೊಡಬೇಕಾಗುತ್ತದೆ.

ಜಾಗವನ್ನು ಆರಿಸುವುದು

ಕೊಠಡಿಯು ನರ್ಸಿಂಗ್ ಸ್ಟೇಷನ್ನಿಗೆ ಅಂಟಿಕೊಂಡು, ಅಲ್ಲಿಂದ ಬಾಗಿಲು ಕಾಣುವಂತೆ ಇರಬೇಕು. ರೋಗಿಯ ಕಡೆಯವರು ಓಡಾಡುವ ಓಣಿಗೆ ಅದರ ಬಾಗಿಲು ತೆರೆಯಬಾರದು. ಮೂವತ್ತು ಹಾಸಿಗೆಗಳ ವಾರ್ಡಿಗೆ ಎಂಟರಿಂದ ಹತ್ತು ಚದರ ಮೀಟರ್ ಜಾಗ ಸಿಕ್ಕರೆ ಕೆಲಸ ಸಲೀಸು. ಟ್ರಾಲಿ ಒಳಗೆ ಬರಬೇಕಾದುದರಿಂದ ಬಾಗಿಲು ಕನಿಷ್ಠ ಒಂದು ಮೀಟರ್ ಅಗಲವಿರಬೇಕು, ತಾನಾಗಿಯೇ ಮುಚ್ಚಿ ಬೀಗ ಬೀಳುವಂತಿರಬೇಕು, ಮತ್ತು ಒಳಗೆ ಯಾರಿದ್ದಾರೆಂದು ಹೊರಗಿನಿಂದ ತಿಳಿಯುವಷ್ಟು ಗಾಜಿನ ಪಟ್ಟಿ ಹೊಂದಿರಬೇಕು. ಕಪಾಟಿನ ಮುಂದೆ ಒಬ್ಬರು ಬಗ್ಗಿದಾಗ ಇನ್ನೊಬ್ಬರು ಹಿಂದಿನಿಂದ ದಾಟುವಂತೆ 1,200 ಮಿ.ಮೀ. ತೆರವು ಬಿಡಬೇಕು.

ಉಷ್ಣತೆಯ ಬಗ್ಗೆ ಬೆಂಗಳೂರಿನವರಿಗೆ ಒಂದು ಹುಸಿ ನೆಮ್ಮದಿ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ಇಲ್ಲಿ ಔಷಧ ಕೆಡುವಷ್ಟು ಸೆಕೆ ಎಲ್ಲಿದೆ ಎಂಬ ಮಾತು ಆಗಾಗ ಕೇಳುತ್ತದೆ. ಬಹುಪಾಲು ಮಾತ್ರೆಗಳ ಮತ್ತು ಇಂಜೆಕ್ಷನ್ನುಗಳ ಮೇಲೆ ‘30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ’ ಅಥವಾ ‘25 ಡಿಗ್ರಿಗಿಂತ ಕಡಿಮೆ’ ಎಂದು ಅಚ್ಚಾಗಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ನಗರದ ಹೊರಾಂಗಣ ಉಷ್ಣತೆಯ ಸರಾಸರಿ ಗರಿಷ್ಠ ಮಟ್ಟವೇ 34 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 1900ರಲ್ಲಿ ಉದ್ಘಾಟನೆಯಾದ ವಿಕ್ಟೋರಿಯಾ ಆಸ್ಪತ್ರೆಯ ಹಳೆಯ ಕಟ್ಟಡದಂಥ ದಪ್ಪ ಗೋಡೆ, ಎತ್ತರದ ಸೂರಿನ ರಚನೆಗಳಿಗೆ ಆ ಬಿಸಿಲನ್ನು ತಡೆಯುವ ಶಕ್ತಿ ಇತ್ತು. ಗಾಜಿನ ಹೊರಮೈಯ ಹೊಸ ಕಟ್ಟಡಗಳಿಗೆ ಅದಿಲ್ಲ. ಪಶ್ಚಿಮದ ಗಾಜಿಗೆ ಬೆನ್ನು ಕೊಟ್ಟ ಕಪಾಟು ಸಂಜೆಯ ಹೊತ್ತಿಗೆ ಕೈಯಿಟ್ಟರೆ ಬಿಸಿ ತಾಗುವಷ್ಟು ಕಾಯುತ್ತದೆ. ಆದ್ದರಿಂದ ಹೊರಗೋಡೆಯೇ ಇಲ್ಲದ ಒಳಭಾಗವನ್ನು ಆರಿಸುವುದು ಒಳ್ಳೆಯದು. ಅದು ಸಾಧ್ಯವಾಗದಿದ್ದರೆ ಉತ್ತರದ ಗೋಡೆ. ಕೊಠಡಿಯ ಎಸಿಯನ್ನು ಕಟ್ಟಡದ ಕೇಂದ್ರ ವ್ಯವಸ್ಥೆಯಿಂದ ಬೇರ್ಪಡಿಸಬೇಕು, ಏಕೆಂದರೆ ಕರೆಂಟು ಉಳಿಸಲು ರಾತ್ರಿ ಕೇಂದ್ರ ಎಸಿ ನಿಲ್ಲಿಸುವ ರೂಢಿ ಅನೇಕ ಕಡೆ ಇದೆ. ಕೊಠಡಿಯೊಳಗೆ ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಮಾಪಕವನ್ನು ಎದೆಮಟ್ಟದಲ್ಲಿ, ಎಸಿಯ ಗಾಳಿ ನೇರವಾಗಿ ಬೀಳದ ಕಡೆ ಹಾಕಬೇಕು.

ನೀರಿನ ವಿಷಯವನ್ನು ವಾಸ್ತುಶಿಲ್ಪಿಯೊಂದಿಗೆ ಮೇಲಿನ ಮಹಡಿಯ ನಕ್ಷೆಯನ್ನೇ ಎದುರಿಗಿಟ್ಟುಕೊಂಡು ಮಾತನಾಡಬೇಕು. ಔಷಧ ಕೊಠಡಿಯ ನೇರ ಮೇಲೆ ಶೌಚಾಲಯವೋ ಸ್ನಾನದ ಮನೆಯೋ ಇದ್ದರೆ ಇಂದಲ್ಲ ನಾಳೆ ಸೂರು ಒಸರುತ್ತದೆ. ಕಪಾಟಿಗೆ ಪ್ಲೈವುಡ್ ಬಳಸಿದರೆ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಬಿಗಿಯುತ್ತದೆ, ಗೆದ್ದಲಿಗೂ ಅದು ಪ್ರಿಯ; ಪೌಡರ್ ಕೋಟಿಂಗ್ ಮಾಡಿದ ಉಕ್ಕು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಆರಂಭದಲ್ಲಿ ದುಬಾರಿಯೆನಿಸಿದರೂ ತೊಳೆಯಲು, ಒರೆಸಲು ಅದೇ ಸರಿ.

ಕಟ್ಟೆ, ಬೆಳಕು ಮತ್ತು ಅಡಚಣೆ

ಔಷಧ ಸಿದ್ಧಪಡಿಸುವ ಕಟ್ಟೆಯೇ ಕೊಠಡಿಯ ಹೃದಯಭಾಗ. ಅದರ ಎತ್ತರ 850ರಿಂದ 900 ಮಿ.ಮೀ., ಆಳ 600 ಮಿ.ಮೀ. ಇರಲಿ, ಕಂಪ್ಯೂಟರು, ಪ್ರಿಂಟರು, ರಿಜಿಸ್ಟರುಗಳನ್ನು ಇಟ್ಟ ಮೇಲೂ ಒಂದೂವರೆ ಮೀಟರ್ ಉದ್ದದ ಖಾಲಿ ಮೇಲ್ಮೈ ಉಳಿಯಬೇಕು. ಖಾಲಿ ಜಾಗವನ್ನು ನಕ್ಷೆಯಲ್ಲಿ ಖಾಲಿ ಎಂದೇ ಬರೆದು ಕಾಯ್ದಿರಿಸದಿದ್ದರೆ ಅದು ಕೈಗವಚದ ಪೆಟ್ಟಿಗೆಗಳಿಗೆ ಬಲಿಯಾಗುತ್ತದೆ. ಕಪ್ಪು ಗ್ರಾನೈಟ್ ನಮ್ಮೂರಿನಲ್ಲಿ ಸುಲಭವಾಗಿ ಸಿಗುತ್ತದೆಂದು ಅದನ್ನೇ ಹಾಕುವವರಿದ್ದಾರೆ. ಅದರ ಮೇಲೆ ಬಿದ್ದ ಹನಿಯೂ ಗಾಜಿನ ಚೂರೂ ಕಾಣುವುದಿಲ್ಲವಾದ್ದರಿಂದ ತಿಳಿಬಣ್ಣದ, ಕೀಲಿಲ್ಲದ ಮೇಲ್ಮೈಯನ್ನು ಆರಿಸಬೇಕು.

ಬೆಳಕು ಕಟ್ಟೆಯ ಮೇಲೆ, ಬೆಳಕಿನ ಅಳತೆಯಾದ ಲಕ್ಸ್ ಲೆಕ್ಕದಲ್ಲಿ, 1,000 ಲಕ್ಸ್‌ಗೆ ಕಡಿಮೆಯಿರಬಾರದು. ಅಮೆರಿಕದ ಹೊರರೋಗಿ ಫಾರ್ಮಸಿಯೊಂದರಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಳಕಿನ ಮಟ್ಟವನ್ನು ಸುಮಾರು 1,570 ಲಕ್ಸ್‌ಗೆ ಏರಿಸಿದಾಗ ಔಷಧ ವಿತರಣೆಯ ತಪ್ಪುಗಳ ಪ್ರಮಾಣ ಶೇ. 3.8ರಿಂದ ಶೇ. 2.6ಕ್ಕೆ ಇಳಿಯಿತು. ಸೂರಿನ ದೀಪವೊಂದನ್ನೇ ನಂಬಿದರೆ ನಿಂತವರ ತಲೆಯ ನೆರಳೇ ಆಂಪೂಲಿನ ಮೇಲೆ ಬೀಳುತ್ತದೆ. ಮೇಲಿನ ಕಪಾಟಿನ ಅಡಿಗೆ ಎಲ್‌ಇಡಿ ಪಟ್ಟಿ ಹಾಕಿಸಿದರೆ ಆ ತೊಂದರೆ ತೀರುತ್ತದೆ. ಹಳದಿ ಬೆಳಕು ಬೇಡ, ಏಕೆಂದರೆ ದ್ರಾವಣದ ಬಣ್ಣ ಬದಲಾದದ್ದು ಅದರಲ್ಲಿ ತಿಳಿಯುವುದಿಲ್ಲ.

ಅಡಚಣೆಯನ್ನು ಶಿಸ್ತಿನ ಪ್ರಶ್ನೆಯೆಂದು ನೋಡುವುದು ರೂಢಿ. ಅದು ಬಹುಮಟ್ಟಿಗೆ ವಿನ್ಯಾಸದ ಪ್ರಶ್ನೆ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವು, ಔಷಧ ಕೊಡುವ ನರ್ಸಿಗೆ ಆಗುವ ಪ್ರತಿಯೊಂದು ಅಡಚಣೆಯೊಂದಿಗೆ ಚಿಕಿತ್ಸಾ ತಪ್ಪುಗಳು ಶೇ. 12.7ರಷ್ಟು ಹೆಚ್ಚುವುದನ್ನು ಗುರುತಿಸಿತು. ನಮ್ಮ ವಾರ್ಡುಗಳಲ್ಲಿ ರೋಗಿಯೊಬ್ಬರಿಗೆ ಒಬ್ಬಿಬ್ಬರಾದರೂ ಜೊತೆಗಿರುತ್ತಾರೆ, ಮತ್ತು ‘ಸಿಸ್ಟರ್, ಡ್ರಿಪ್ ಮುಗಿಯಿತು ನೋಡಿ’ ಎಂದು ಕರೆಯುವುದರಲ್ಲಿ ಅವರ ತಪ್ಪೇನೂ ಇಲ್ಲ. ಹಾಗೆ ಕರೆಯಲು ಬರುವವರು ಮೊದಲು ಸ್ಟೇಷನ್ನಿನಲ್ಲಿ ಕುಳಿತವರ ಕಣ್ಣಿಗೆ ಬೀಳುವಂತೆ ದಾರಿ ಇರಬೇಕು. ಇಂಟರ್‌ಕಾಮ್ ಫೋನನ್ನು ಔಷಧ ಕೊಠಡಿಯಿಂದ ಹೊರಗಿಡಬೇಕು, ಲಿನನ್ ಬೀರುವನ್ನಾಗಲಿ ಸಿಬ್ಬಂದಿಯ ಊಟದ ಡಬ್ಬಿಗಳನ್ನಾಗಲಿ ಒಳಗೆ ಇಡಿಸಬಾರದು. ‘ಮಾತನಾಡಿಸಬೇಡಿ’ ಎಂದು ಬರೆದ ಮೇಲಂಗಿ ತೊಡಿಸುವುದು ಕೊನೆಯ ಉಪಾಯ. ಗೋಡೆಯಿಂದ ಆಗಬೇಕಾದ ಕೆಲಸವನ್ನು ಬಟ್ಟೆಯಿಂದ ಮಾಡಿಸಿದಂತೆ.

ಕೈತೊಳೆಯುವ ಸಿಂಕು ಕೊಠಡಿಯಲ್ಲಿ ಇರಬೇಕು, ಆದರೆ ಕಟ್ಟೆಯಿಂದ ಒಂದು ಮೀಟರ್ ದೂರದಲ್ಲಿ, ಅಷ್ಟು ಜಾಗವಿಲ್ಲದಿದ್ದರೆ ನಡುವೆ ಹನಿ ಸಿಡಿಯದಂತೆ ಅಡ್ಡಹಲಗೆಯಿಟ್ಟು. ಕಟ್ಟೆಯ ಪಕ್ಕದಲ್ಲೇ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಸೂಜಿಗೆ ಬಿಳಿ ಪಾತ್ರೆಯೂ ಗಾಜಿನ ಆಂಪೂಲು, ವಯಲುಗಳಿಗೆ (ರಬ್ಬರ್ ಮುಚ್ಚಳದ ಇಂಜೆಕ್ಷನ್ ಸೀಸೆ) ನೀಲಿ ಗುರುತಿನ ಪೆಟ್ಟಿಗೆಯೂ ಕೈಗೆಟುಕುವಂತಿರಬೇಕು.

ಕಪಾಟು ಮತ್ತು ಜೋಡಣೆ

ಕಪಾಟಿನ ಆಳ 300 ಮಿ.ಮೀ. ಮೀರಬಾರದು. ಅದಕ್ಕಿಂತ ಆಳವಾದ ತಟ್ಟೆಯ ಹಿಂಭಾಗವೇ ಅವಧಿ ಮೀರಿದ ಔಷಧಗಳ ತವರು. ಅತ್ಯಂತ ಮೇಲಿನ ತಟ್ಟೆ ನೆಲದಿಂದ 1,600 ಮಿ.ಮೀ.ಗೆ ಮುಗಿಯಲಿ, ಅದರ ಮೇಲೆ ಏನನ್ನೂ ಇಡಲು ಬಾರದಂತೆ ಕಪಾಟಿನ ತಲೆಯನ್ನು ಇಳಿಜಾರಾಗಿ ಮುಚ್ಚಿಸಬೇಕು. ಕಣ್ಣಿನ ಮಟ್ಟಕ್ಕೂ ಸೊಂಟದ ಮಟ್ಟಕ್ಕೂ ನಡುವಿನ ಭಾಗವನ್ನು ಇಂಜೆಕ್ಷನ್ನುಗಳಿಗೆ ಮೀಸಲಿಡಬೇಕು, ಏಕೆಂದರೆ ಓದಿ ಎತ್ತಿಕೊಳ್ಳಬೇಕಾದವು ಮುಖ್ಯವಾಗಿ ಅವೇ.

ಜೋಡಣೆಯ ಮೊದಲ ನಿಯಮ, ದೇಹಕ್ಕೆ ಸೇರುವ ಮಾರ್ಗದಂತೆ ಬೇರ್ಪಡಿಸುವುದು: ಇಂಜೆಕ್ಷನ್, ಬಾಯಿಯ ಮೂಲಕ ಕೊಡುವುದು, ಹೊರಗೆ ಹಚ್ಚುವುದು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಇತರ ಸೋಂಕುನಾಶಕಗಳು ಈ ಕಪಾಟಿನಲ್ಲಿ ಇರಲೇಬಾರದು. ಅವುಗಳಿಗೆ ಪ್ರತ್ಯೇಕ ಬೀರು ಬೇಕು. ಪ್ರತಿ ಮಾರ್ಗದೊಳಗೆ ಮೂಲ ಹೆಸರಿನ ಅಕಾರಾದಿಯನ್ನು ಅನುಸರಿಸಬಹುದು. ರೋಗದ ಗುಂಪಿನಂತೆ ಜೋಡಿಸುವ ಪದ್ಧತಿ ಓದಿನ ದೃಷ್ಟಿಯಿಂದ ಚೆನ್ನ, ಆದರೆ ನಿನ್ನೆ ಸೇರಿದ ಸಿಬ್ಬಂದಿಗೆ ಔಷಧ ಹುಡುಕಿಕೊಡುವುದು ಅಕಾರಾದಿಯೇ.

ಆದರೆ ಅಕಾರಾದಿಯನ್ನು ಮುರಿಯಬೇಕಾದ ಜಾಗಗಳಿವೆ. ಡೋಪಮೈನ್ ಮತ್ತು ಡೋಬ್ಯುಟಮೈನ್ ಹೆಸರಿನ ಕಾರಣದಿಂದಲೇ ಅಕ್ಕಪಕ್ಕ ಬರುತ್ತವೆ. ಅಡ್ರಿನಲಿನ್ ಮತ್ತು ಅಟ್ರೋಪಿನ್ ಎರಡೂ ಒಂದು ಮಿ.ಲೀ.ನ ಪುಟ್ಟ ಗಾಜಿನ ಆಂಪೂಲುಗಳಾಗಿ ಸಿಗುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಒಂದೇ ಗಾತ್ರದ 5 ಮಿ.ಲೀ. ವಯಲಿನಲ್ಲಿ ಮಿಲಿಲೀಟರಿಗೆ 1,000 ಯೂನಿಟ್ ಆಗಿಯೂ ಸಿಗುತ್ತದೆ, 5,000 ಯೂನಿಟ್ ಆಗಿಯೂ ಸಿಗುತ್ತದೆ. ಇಂಥ ಜೋಡಿಗಳನ್ನು ಬೇರೆ ಬೇರೆ ತಟ್ಟೆಗಳಲ್ಲಿ, ಬೇರೆ ಬಣ್ಣದ ಡಬ್ಬಿಗಳಲ್ಲಿ ಇಡಬೇಕು. ಹೆಪಾರಿನ್‌ನಂಥ ಪ್ರಸಂಗದಲ್ಲಿ ಎರಡು ಶಕ್ತಿಗಳ ಪೈಕಿ ಒಂದನ್ನು ವಾರ್ಡಿನಿಂದಲೇ ತೆಗೆಯುವುದು ಎಲ್ಲಕ್ಕಿಂತ ಉತ್ತಮ. ನಮ್ಮ ದೇಶದಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಶಕ್ತಿಗಳಲ್ಲಿ ಮಾರಾಟವಾಗುತ್ತದೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಮುಚ್ಚಳ. ಸಿರಿಂಜು ಅದಲುಬದಲಾದರೆ ಡೋಸು ಎರಡೂವರೆ ಪಟ್ಟು ಏರುತ್ತದೆ ಅಥವಾ ಅಷ್ಟೇ ಪಾಲು ಇಳಿಯುತ್ತದೆ. ಆದ್ದರಿಂದ ಇನ್ಸುಲಿನ್ ಸಿರಿಂಜುಗಳನ್ನು ಇತರ ಸಿರಿಂಜುಗಳ ರಾಶಿಯಲ್ಲಿ ಇಡದೆ, ಆಯಾ ಶಕ್ತಿಯ ಹೆಸರು ಬರೆದ ಪ್ರತ್ಯೇಕ ಡಬ್ಬಿಗಳಲ್ಲಿ, ಫ್ರಿಜ್ಜಿನ ಪಕ್ಕದಲ್ಲೇ ಇಡಬೇಕು.

ಚೀಟಿಗಳ ಭಾಷೆ ಬೆಂಗಳೂರಿನ ಮಟ್ಟಿಗೆ ಯೋಚಿಸಬೇಕಾದ ಸಂಗತಿ. ಒಂದೇ ಪಾಳಿಯಲ್ಲಿ ಹಾಸನದವರು, ಕೊಟ್ಟಾಯಂನವರು, ಮಣಿಪುರದವರು ಕೆಲಸ ಮಾಡುತ್ತಿರುತ್ತಾರೆ, ಮತ್ತು ಆಂಪೂಲಿನ ಮೇಲೆ ಓದಿ ತಾಳೆ ನೋಡಬೇಕಾದ ಹೆಸರು ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಡಬ್ಬಿಯ ಚೀಟಿ ಇಂಗ್ಲಿಷಿನಲ್ಲಿ, ಮೂಲ ಹೆಸರು ಮತ್ತು ಶಕ್ತಿಯೊಂದಿಗೆ ಇರಲಿ. ಹೋಲುವ ಹೆಸರುಗಳಲ್ಲಿ ಭಿನ್ನವಾದ ಭಾಗವನ್ನು ಮಾತ್ರ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಬೇಕು. ಸ್ವಚ್ಛತಾ ಸಿಬ್ಬಂದಿ, ಆಯಾಗಳು ಮತ್ತು ಎಲೆಕ್ಟ್ರಿಷಿಯನ್ನರು ಓದಬೇಕಾದ ಎಚ್ಚರಿಕೆಗಳು ಮಾತ್ರ ಮೊದಲು ಕನ್ನಡದಲ್ಲಿಯೇ ಇರಬೇಕು.

ಮಾತ್ರೆಗಳ ಸ್ಟ್ರಿಪ್ಪನ್ನು ಕತ್ತರಿಸುವಾಗ ಅವಧಿಯ ದಿನಾಂಕವಿರುವ ತುದಿಯೇ ಮೊದಲು ಹೋಗುತ್ತದೆ, ಆಮೇಲೆ ಉಳಿದ ಮಾತ್ರೆಗಳು ಯಾವ ಬ್ಯಾಚಿನವು, ಯಾವಾಗ ಮುಗಿಯುತ್ತವೆ ಎಂದು ಹೇಳುವವರಿಲ್ಲ. ದಿನಾಂಕವಿಲ್ಲದ ತುಂಡಿಗೆ ಕಪಾಟಿನಲ್ಲಿ ಜಾಗವಿಲ್ಲವೆಂಬ ನಿಯಮವನ್ನು ಮೊದಲ ದಿನದಿಂದಲೇ ಪಾಲಿಸಬೇಕು. ಹೊಸ ಸ್ಟಾಕು ಹಿಂದೆ, ಬೇಗ ಅವಧಿ ಮುಗಿಯುವುದು ಮುಂದೆ ಎಂಬ ಕ್ರಮಕ್ಕೆ ಡಬ್ಬಿಗಳ ನಡುವೆ ಅಡ್ಡತಡಿಕೆ ಇರುವುದು ಸಹಾಯಕ.

ಫ್ರಿಜ್ಜು

ಭಾರತೀಯ ಔಷಧ ಸಂಹಿತೆಯಲ್ಲಿ ‘ಶೀತಲ’ ಎಂದರೆ 8 ಡಿಗ್ರಿ ಸೆಲ್ಸಿಯಸ್ ಮೀರದ, ಸಾಮಾನ್ಯವಾಗಿ 2ರಿಂದ 8 ಡಿಗ್ರಿಯ ನಡುವಿನ ಉಷ್ಣತೆ. ತೆರೆಯದ ಇನ್ಸುಲಿನ್, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್, ಸಕ್ಸಮೆಥೋನಿಯಮ್, ಲಸಿಕೆಗಳು ಈ ಗುಂಪಿನವು. ಇವುಗಳಿಗೆ ಔಷಧಕ್ಕೆಂದೇ ತಯಾರಾದ, ಗಾಜಿನ ಬಾಗಿಲಿನ, ಒಳಗೆ ಫ್ಯಾನಿರುವ ಫ್ರಿಜ್ಜು ಕೊಳ್ಳಬೇಕು. ಗಾಜಿನ ಬಾಗಿಲಿದ್ದರೆ ತೆರೆಯುವ ಮೊದಲೇ ಬೇಕಾದುದು ಎಲ್ಲಿದೆಯೆಂದು ಕಾಣುತ್ತದೆ.

ಹಣದ ಅಭಾವದಿಂದ ಮನೆಬಳಕೆಯ ಫ್ರಿಜ್ಜನ್ನೇ ಇಡಬೇಕಾದ ಸಣ್ಣ ಆಸ್ಪತ್ರೆಗಳು ಎರಡು ಅಪಾಯಗಳನ್ನು ತಿಳಿದಿರಬೇಕು. ಬಾಗಿಲಿನ ತಟ್ಟೆಗಳು ಪ್ರತಿ ಬಾರಿ ತೆರೆದಾಗಲೂ ಬೆಚ್ಚಗಾಗುತ್ತವೆ, ಅಲ್ಲಿ ಔಷಧ ಇಡಬಾರದು. ಮಂಜುಗಡ್ಡೆಯ ಪೆಟ್ಟಿಗೆಯ ಕೆಳಗಿನ ಮತ್ತು ಹಿಂಗೋಡೆಗೆ ತಾಗಿದ ಜಾಗದಲ್ಲಿ ಔಷಧ ಹೆಪ್ಪುಗಟ್ಟಬಹುದು. ಬಿಸಿಗಿಂತ ಹೆಪ್ಪುಗಟ್ಟುವಿಕೆಯ ಬಗ್ಗೆಯೇ ನಮ್ಮಲ್ಲಿ ಅರಿವು ಕಡಿಮೆ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಮೊದಲಿನಂತೆಯೇ ಕಂಡರೂ ಅದನ್ನು ಬಳಸುವಂತಿಲ್ಲ. ಆದ್ದರಿಂದ ಗುರಿ 5 ಡಿಗ್ರಿ ಇರಲಿ. ಡಬ್ಬಿಗಳು ಗೋಡೆಗೆ ತಾಗದಂತೆ, ಮೂರನೆಯ ಒಂದು ಭಾಗ ಖಾಲಿಯಿರುವಂತೆ ಜೋಡಿಸಬೇಕು. ಫ್ರಿಜ್ಜಿನ ಹಿಂದೆ ಮತ್ತು ಬದಿಗಳಲ್ಲಿ 100 ಮಿ.ಮೀ. ಗಾಳಿಗೆ ಬಿಡಬೇಕು.

ಉಷ್ಣತೆಯನ್ನು ದಿನಕ್ಕೆ ಎರಡು ಬಾರಿ ಬರೆಯುವ ಪದ್ಧತಿ ಅಗತ್ಯವಾದರೂ ಸಾಲದು, ಏಕೆಂದರೆ ರಾತ್ರಿ ಏನಾಯಿತೆಂದು ಬೆಳಗಿನ ಒಂದು ಅಂಕಿ ಹೇಳುವುದಿಲ್ಲ. ಗರಿಷ್ಠ ಮತ್ತು ಕನಿಷ್ಠ ಎರಡನ್ನೂ ನೆನಪಿಡುವ ಮಾಪಕ, ಸಾಧ್ಯವಾದರೆ ತಾನೇ ದಾಖಲಿಸುವ ಡೇಟಾ ಲಾಗರ್ ಇರಬೇಕು, ಮತ್ತು ಎಚ್ಚರಿಕೆಯ ಗಂಟೆ ಸ್ಟೇಷನ್ನಿನಲ್ಲಿ ಕೇಳಿಸಬೇಕು. ಪವರ್ ಕಟ್‌ಗೆ ಜನರೇಟರಿನ ಸಾಲಿಗೆ ಸೇರಿದ ಸಾಕೆಟ್ ಸಾಕು. ಆದರೆ ವಾಸ್ತವದಲ್ಲಿ ಫ್ರಿಜ್ಜು ನಿಲ್ಲುವುದು ವಿದ್ಯುತ್ ಕಂಪನಿ ಬೆಸ್ಕಾಂನ ಕಾರಣಕ್ಕಿಂತ ಹೆಚ್ಚಾಗಿ ಯಾರೋ ಮೊಬೈಲ್ ಚಾರ್ಜಿಗೆಂದು ಪ್ಲಗ್ ಕಿತ್ತ ಕಾರಣಕ್ಕೆ. ಸ್ವಿಚ್ಚಿಲ್ಲದ, ಫ್ರಿಜ್ಜಿನ ಹಿಂದೆ ಅಡಗಿದ ಸಾಕೆಟ್ಟನ್ನು ಅದಕ್ಕೊಂದಕ್ಕೇ ಕೊಟ್ಟು, ಮೊಬೈಲಿಗೆಂದು ಬೇರೆ ಸಾಕೆಟ್ಟನ್ನು ಸ್ಟೇಷನ್ನಿನಲ್ಲಿ ಹಾಕಿಸಿಕೊಟ್ಟರೆ ಜಗಳವಿಲ್ಲದೆ ಪರಿಹಾರವಾಗುತ್ತದೆ. ಉಷ್ಣತೆ ಮಿತಿ ಮೀರಿದ್ದು ತಿಳಿದಾಗ ಔಷಧವನ್ನು ಎಸೆಯಲೂಬಾರದು, ಬಳಸಲೂಬಾರದು. ‘ಬಳಸಬೇಡಿ’ ಎಂಬ ಚೀಟಿ ಹಚ್ಚಿ ಸರಿಯಾದ ಉಷ್ಣತೆಯ ಬೇರೆ ಫ್ರಿಜ್ಜಿಗೆ ಸಾಗಿಸಿ ಫಾರ್ಮಸಿಸ್ಟಿನ ತೀರ್ಮಾನಕ್ಕೆ ಕಾಯಬೇಕು. ತೆರೆದ ವಯಲುಗಳ ಮೇಲೆ ತೆರೆದ ದಿನಾಂಕ ಮತ್ತು ಬಿಸಾಡಬೇಕಾದ ದಿನಾಂಕ ಎರಡನ್ನೂ ಬರೆಯಲು ಚೀಟಿಯೂ ಪೆನ್ನೂ ಫ್ರಿಜ್ಜಿನ ಬಾಗಿಲಿಗೇ ತೂಗಿರಲಿ. ಊಟ, ಮೊಸರು, ಹೂವು, ರಕ್ತದ ಮಾದರಿಗಳು ಈ ಫ್ರಿಜ್ಜಿಗೆ ಸೇರಬಾರದೆಂದು ಬೇರೆ ಹೇಳಬೇಕಿಲ್ಲ.

ಎರಡು ಬೀಗದೊಳಗಿನ ಔಷಧಗಳು

ಮಾದಕ ಔಷಧಗಳು ಮತ್ತು ಮನೋತ್ತೇಜಕ ವಸ್ತುಗಳ 1985ರ ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ, ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಕೋಡೀನ್, ಹೈಡ್ರೋಕೋಡೋನ್ ಎಂಬ ಆರನ್ನು ಅತ್ಯಗತ್ಯ ಮಾದಕ ಔಷಧಗಳೆಂದು ಗುರುತಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇಡಲು ಸರಳವಾದ ವ್ಯವಸ್ಥೆ ಮಾಡಲಾಯಿತು. ಕ್ಯಾನ್ಸರಿನ ನೋವಿನಲ್ಲಿರುವವರಿಗೆ ಮಾರ್ಫಿನ್ ಸಿಗಲೆಂಬುದೇ ಇದರ ಉದ್ದೇಶ. ಆದ್ದರಿಂದ ಈ ಕಪಾಟಿನ ವಿನ್ಯಾಸ ಕಳ್ಳತನವನ್ನು ತಡೆಯಬೇಕು, ನೋವಿನ ಔಷಧ ರಾತ್ರಿ ಸಿಗದಂತೆ ಮಾಡಬಾರದು. ಅರಿವಳಿಕೆಯ ಕೀಟಮೀನ್ ಮತ್ತು 2018ರಿಂದ ನೋವು ನಿವಾರಕ ಟ್ರಮಡಾಲ್ ಕೂಡ ಇದೇ ಕಾಯಿದೆಯ ಅಡಿ ಬರುತ್ತವೆ. ಟ್ರಮಡಾಲ್ ಇನ್ನೂ ಸಾಮಾನ್ಯ ಕಪಾಟಿನಲ್ಲಿ ಕುಳಿತಿರುವ ವಾರ್ಡುಗಳಿವೆ.

ಒಂದು ಉಕ್ಕಿನ ಬೀರು, ಅದರೊಳಗೆ ಇನ್ನೊಂದು ಬೀಗದ ಪೆಟ್ಟಿಗೆ, ಇಡೀ ರಚನೆ ಗೋಡೆಗೆ ಒಳಗಿನಿಂದ ಬೋಲ್ಟು ಹಾಕಿ ಬಿಗಿದಿರಬೇಕು. ಎರಡು ಬೀಗದ ಕೈಗಳು ಇಬ್ಬರ ಬಳಿ ಇರಬೇಕು. ಸ್ಟೇಷನ್ನಿನ ಡ್ರಾಯರಿನಲ್ಲಿಟ್ಟ ಬೀಗದ ಕೈ ಇದ್ದೂ ಇಲ್ಲದಂತೆ. ಬೀರುವನ್ನು ಮೂಲೆಯಲ್ಲಿ ಅಡಗಿಸದೆ, ಬಾಗಿಲಿನ ಗಾಜಿನಿಂದ ಕಾಣುವ ಗೋಡೆಯಲ್ಲಿ ಇಟ್ಟು, ಅದರ ಮುಂದೆ ರಿಜಿಸ್ಟರ್ ಬರೆಯಲು ಮಡಚುವ ಹಲಗೆ ಹಾಕಿಸಬೇಕು. ಪ್ರತಿ ಪಾಳಿ ಬದಲಾದಾಗ ಇಬ್ಬರು ಒಟ್ಟಿಗೆ ಎಣಿಸುವಾಗ ಪುಸ್ತಕ ಒಂದು ಕಡೆ, ಆಂಪೂಲು ಇನ್ನೊಂದು ಕಡೆ ಇದ್ದರೆ ಎಣಿಕೆ ಬರೀ ಸಹಿಯಾಗಿ ಮುಗಿಯುತ್ತದೆ. ಖಾಲಿ ಆಂಪೂಲುಗಳನ್ನು ಫಾರ್ಮಸಿಗೆ ಮರಳಿಸುವ ತನಕ ಇಡಲು ಒಳಪೆಟ್ಟಿಗೆಯಲ್ಲಿಯೇ ಒಂದು ಖಾನೆ ಬೇಕು.

ತುರ್ತು ಟ್ರಾಲಿಗೆ ಇದಕ್ಕೆ ತದ್ವಿರುದ್ಧ ನಿಯಮ. ಅದು ಔಷಧ ಕೊಠಡಿಯೊಳಗೆ ಇರಬಾರದು, ಬೀಗದ ಕೈ ಬೇಕಾಗಬಾರದು. ಕೈಯಿಂದ ಎಳೆದರೆ ಮುರಿಯುವ, ಸಂಖ್ಯೆಯಿರುವ ಪ್ಲಾಸ್ಟಿಕ್ ಮೊಹರು ಹಾಕಿ, ವಾರ್ಡಿನ ನಡುಭಾಗದಲ್ಲಿ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರಿಗೆ ಸಾಕೆಟ್ ಇರುವ ಗೋಡೆಯ ಬಳಿ ನಿಲ್ಲಿಸಬೇಕು. ಮೊಹರಿನ ಸಂಖ್ಯೆಯನ್ನು ಪ್ರತಿ ಪಾಳಿಯಲ್ಲೂ ನೋಡಿ ಬರೆದರೆ ಒಳಗಿನದನ್ನು ದಿನವೂ ಎಣಿಸಬೇಕಾಗಿಲ್ಲ. ಎಲ್ಲ ವಾರ್ಡುಗಳಲ್ಲೂ ಡ್ರಾಯರುಗಳ ಕ್ರಮ ಒಂದೇ ಆಗಿರಲಿ; ವೈದ್ಯರು ವಾರ್ಡು ಬದಲಾಯಿಸುತ್ತಾರೆ, ಅವರ ಕೈಯ ಅಭ್ಯಾಸ ಬದಲಾಗುವುದಿಲ್ಲ.

ರೋಗಿಯ ಹೆಸರಿನ ಔಷಧ ಮತ್ತು ಮರಳುವ ಔಷಧ

ಖಾಸಗಿ ಆಸ್ಪತ್ರೆಗಳಲ್ಲಿ ಬಹುಪಾಲು ಔಷಧ ರೋಗಿಯ ಬಿಲ್ಲಿಗೆ ಇಂಡೆಂಟ್ ಆಗಿ ಬರುತ್ತದೆ; ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲವನ್ನು ಕಡೆಯವರು ಹೊರಗಿನ ಅಂಗಡಿಯಿಂದ ತಂದು ಸಿಸ್ಟರಿನ ಕೈಗೆ ಕೊಡುತ್ತಾರೆ. ಎರಡಕ್ಕೂ ಹಾಸಿಗೆಗೊಂದರಂತೆ ಡಬ್ಬಿ ಬೇಕು, ಮತ್ತು ಡಬ್ಬಿಯ ಮೇಲೆ ಹಾಸಿಗೆಯ ಸಂಖ್ಯೆಯ ಜೊತೆ ರೋಗಿಯ ಹೆಸರು, ಆಸ್ಪತ್ರೆಯ ಸಂಖ್ಯೆಗಳನ್ನು ಸೇರಿಸಿಡುವ ಜೇಬಿರಬೇಕು, ಏಕೆಂದರೆ ಬೆಳಿಗ್ಗೆ ಹನ್ನೆರಡನೆಯ ಹಾಸಿಗೆಯವರು ಸಂಜೆಗೆ ಇಪ್ಪತ್ತಕ್ಕೆ ಹೋಗಿರುತ್ತಾರೆ. ಡಬ್ಬಿಗಳ ಸಂಖ್ಯೆ ಹಾಸಿಗೆಗಳ ಸಂಖ್ಯೆಗಿಂತ ನಾಲ್ಕೈದು ಹೆಚ್ಚಿರಲಿ: ಬಿಡುಗಡೆಯಾದವರ ಡಬ್ಬಿ ಖಾಲಿಯಾಗುವ ಮೊದಲೇ ಹೊಸಬರು ಬರುತ್ತಾರೆ.

ಬಿಡುಗಡೆಯಾದವರ ಉಳಿಕೆಗೆ ‘ಫಾರ್ಮಸಿಗೆ ವಾಪಸು’ ಎಂಬ ಬೀಗದ ಪೆಟ್ಟಿಗೆ ಒಂದೇ ಗತಿ; ಅದು ವಾರ್ಡ್ ಸ್ಟಾಕಿಗೆ ಸೇರಿದರೆ ಮೊದಲು ಮಾಡಿದ ಪಟ್ಟಿಯ ಶ್ರಮವೆಲ್ಲ ವ್ಯರ್ಥ. ಅವಧಿ ಮೀರಿದವುಗಳಿಗೆ ಇನ್ನೊಂದು ಪೆಟ್ಟಿಗೆ ಬೇಕು. ವಿಲೇವಾರಿಯಲ್ಲಿ ಅವು ಹಳದಿ ವರ್ಗಕ್ಕೆ ಸೇರುತ್ತವೆ. ವಾರ್ಡಿನಿಂದ ನೇರವಾಗಿ ಕಸಕ್ಕೆ ಹೋಗದೆ ಫಾರ್ಮಸಿಯ ಲೆಕ್ಕದ ಮೂಲಕ ಹೋಗಬೇಕು.

ಕಟ್ಟುವ ಮುನ್ನ, ಕಟ್ಟಿದ ಮೇಲೆ

ನಕ್ಷೆ ಮುಗಿದ ಮೇಲೆ, ಬಡಗಿಗೂ ಫ್ಯಾಬ್ರಿಕೇಟರಿಗೂ ಮುಂಗಡ ಕೊಡುವ ಮೊದಲು, ಖಾಲಿ ಕೊಠಡಿಯೊಂದರಲ್ಲಿ ಅದೇ ಅಳತೆಯನ್ನು ನೆಲದ ಮೇಲೆ ಟೇಪಿನಿಂದ ಗುರುತಿಸಿ, ಕಟ್ಟೆಯ ಬದಲಿಗೆ ಮೇಜುಗಳನ್ನೂ ಕಪಾಟಿನ ಬದಲಿಗೆ ರಟ್ಟಿನ ಪೆಟ್ಟಿಗೆಗಳನ್ನೂ ಇಟ್ಟು ಒಂದು ಮಧ್ಯಾಹ್ನ ಪರೀಕ್ಷೆ ನಡೆಸಬೇಕು. ಖರ್ಚು ನೂರಾರು ರೂಪಾಯಿ, ಉಳಿತಾಯ ಲಕ್ಷಗಳಲ್ಲಿ. ಎತ್ತರದಲ್ಲಿ ಭಿನ್ನರಾದ ಇಬ್ಬರು ಸಿಸ್ಟರುಗಳನ್ನು ಕರೆದು, ಬೆಳಗಿನ ಎಂಟು ಗಂಟೆಯ ಔಷಧ ಸುತ್ತನ್ನು ಖಾಲಿ ಆಂಪೂಲುಗಳೊಂದಿಗೆ ನಡೆಸಿಸಿ: ಹೆಪಾರಿನ್ ತೆಗೆಯಲು, ಇನ್ಸುಲಿನ್ ತೆಗೆಯಲು, ಎರಡು ಬೀಗ ತೆರೆದು ಫೆಂಟನಿಲ್ ಎಣಿಸಲು, ಟ್ರಾಲಿ ತಿರುಗಿಸಲು ಹೇಳಿ, ಎಲ್ಲಿ ನಿಂತರು, ಎಲ್ಲಿ ಬಗ್ಗಿದರು, ಯಾರಿಗೆ ಯಾರು ಅಡ್ಡ ಬಂದರು ಎಂದು ಗಮನಿಸಿ. ಆಡಳಿತಾಧಿಕಾರಿ ಆ ಹೊತ್ತಿನಲ್ಲಿ ಮಾತನಾಡದೆ ನಿಲ್ಲುವುದು ಒಳ್ಳೆಯದು. ಇದೇ ಪರೀಕ್ಷೆಯನ್ನು ದೀಪಗಳನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಮಾಡಿಸಬೇಕು.

ಕೊಠಡಿ ಬಳಕೆಗೆ ಬಂದ ಮೇಲೆ ಮೊದಲ ಬೇಸಿಗೆ ಮತ್ತು ಮೊದಲ ಮಳೆಗಾಲ ಎರಡನ್ನೂ ಅದು ದಾಟಬೇಕು; ಅಲ್ಲಿಯವರೆಗೆ ಉಷ್ಣತೆ ಮತ್ತು ತೇವಾಂಶದ ದಾಖಲೆಯನ್ನು ಗುತ್ತಿಗೆದಾರರ ಅಂತಿಮ ಬಿಲ್ಲಿಗೆ ಜೋಡಿಸಿಟ್ಟರೆ ಸೂರಿನ ಸೋರಿಕೆಯನ್ನೂ ಎಸಿಯ ದೋಷವನ್ನೂ ಅವರಿಂದಲೇ ಸರಿಪಡಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಫಾರ್ಮಸಿಸ್ಟ್ ಮತ್ತು ಇನ್‌ಚಾರ್ಜ್ ಸಿಸ್ಟರ್ ಪಟ್ಟಿಯನ್ನು ಮತ್ತೆ ತೆರೆದು, ಆ ಅವಧಿಯಲ್ಲಿ ಒಮ್ಮೆಯೂ ಬಳಸದ ಔಷಧಗಳನ್ನು ವಾಪಸು ಕಳುಹಿಸಬೇಕು. ತುರ್ತು ಟ್ರಾಲಿಯಲ್ಲಿರುವುದಕ್ಕೆ ಮತ್ತು ಹೆರಿಗೆ ವಾರ್ಡಿನ ಮೊಹರಾದ ಪೆಟ್ಟಿಗೆಗೆ ಈ ನಿಯಮ ಅನ್ವಯಿಸುವುದಿಲ್ಲ.